ದ್ವೀಪದ ಶಾಲೆ, ಮನೆಮಾತು ಮತ್ತು ಮಕ್ಕಳ ಬರವಣಿಗೆ

ಐರ್ಲೆಂಡಿನ ನೈಋತ್ಯದಲ್ಲಿ, ಕೆರ್ರಿ ಜಿಲ್ಲೆಯ ಡನ್‌ಕ್ವಿನ್ ಹಳ್ಳಿಯ ಎದುರಿಗೆ, ಅಟ್ಲಾಂಟಿಕ್ ಸಾಗರದಲ್ಲಿ ಗ್ರೇಟ್ ಬ್ಲಾಸ್ಕೆಟ್ ಎಂಬ ಗುಡ್ಡದ ದ್ವೀಪವಿದೆ. ದಡದಿಂದ ಅದಕ್ಕಿರುವ ದೂರ ಸುಮಾರು 2 ಕಿಲೋಮೀಟರ್ ಮಾತ್ರ. ಆದರೆ ಕಡಲು ಕೆರಳಿದಾಗ ದಿನಗಟ್ಟಲೆ ದೋಣಿ ದಾಟುತ್ತಿರಲಿಲ್ಲ. 1916ರಲ್ಲಿ ಅಲ್ಲಿ 176 ಜನ ವಾಸವಾಗಿದ್ದರು. ಚರ್ಚಾಗಲಿ ವೈದ್ಯರಾಗಲಿ ಅಲ್ಲಿರಲಿಲ್ಲ. ಒಂದು ಪ್ರಾಥಮಿಕ ಶಾಲೆ ಮಾತ್ರ ಇತ್ತು. ಆ ಶಾಲೆಯ ಕಥೆಯಲ್ಲಿ ಗಡಿನಾಡಿನ ಕನ್ನಡ ಶಿಕ್ಷಕರು ಗಮನಿಸಬೇಕಾದ ಸಂಗತಿಗಳಿವೆ.

ಎರಡು ಬಗೆಯ ಕಲಿಕೆ

ದ್ವೀಪವಾಸಿಗಳ ಮನೆಮಾತು ಐರಿಷ್. ಮೀನು ಹಿಡಿಯುವುದು, ಗುಡ್ಡದಿಂದ ಉರುವಲಿನ ಮಣ್ಣುಹೆಂಟೆಗಳನ್ನು ಕಡಿದು ಕತ್ತೆಗಳ ಮೇಲೆ ಹೇರಿ ತರುವುದು, ಡಾಂಬರು ಬಳಿದ ಬಟ್ಟೆ ಹೊದಿಸಿದ ಹಗುರ ದೋಣಿಯನ್ನು ನಡೆಸುವುದು, ಇವೆಲ್ಲವನ್ನೂ ಮಕ್ಕಳು ಹಿರಿಯರ ಜೊತೆಯಲ್ಲಿದ್ದು ಆ ಮಾತಿನಲ್ಲಿಯೇ ಕಲಿತರು. ಸಂಜೆಯಾದೊಡನೆ ಜನ ಒಬ್ಬರ ಮನೆಯ ಒಲೆಯ ಸುತ್ತ ಸೇರಿ ಕಥೆ, ಹಾಡು, ಊರಿನ ಸುದ್ದಿಗಳನ್ನು ಹಂಚಿಕೊಳ್ಳುತ್ತಿದ್ದರು.

1864ರಲ್ಲಿ ಆರಂಭವಾದ ಶಾಲೆಯಲ್ಲಾದರೋ ಅಕ್ಷರಾಭ್ಯಾಸ ಇಂಗ್ಲಿಷಿನಲ್ಲಿ ನಡೆಯಿತು. ಹೊರಗಿನಿಂದ ಬಂದ ಶಿಕ್ಷಕರು ಬಹುಕಾಲ ನಿಲ್ಲುತ್ತಿರಲಿಲ್ಲ. ಒಬ್ಬರು ಹೋಗಿ ಮತ್ತೊಬ್ಬರು ಬರುವವರೆಗೆ ಶಾಲೆ ಮುಚ್ಚಿರುತ್ತಿತ್ತು. ಇದರ ಪರಿಣಾಮವನ್ನು ಎರಡು ಜೀವನಗಳಲ್ಲಿ ಕಾಣಬಹುದು. ಟೋಮಾಸ್ ಓ'ಕ್ರೋಹನ್ ಈ ಶಾಲೆಯಲ್ಲಿ ಓದಿದವರು. ಆದರೆ ತಮ್ಮದೇ ಮಾತನ್ನು ಓದಲು ಅವರು ಕಲಿತದ್ದು ನಡುವಯಸ್ಸಿನಲ್ಲಿ. ಅದೂ ದಡದ ಮನೆಯೊಂದರಲ್ಲಿ ಮಕ್ಕಳು ಓದುತ್ತಿದ್ದ ಐರಿಷ್ ಪುಸ್ತಕಗಳಿಂದ. ಅವರ ಆತ್ಮಕಥೆ 1929ರಲ್ಲಿ ಪ್ರಕಟವಾಗಿ ಐರಿಷ್ ಸಾಹಿತ್ಯದ ಮುಖ್ಯ ಕೃತಿಯಾಯಿತು. ಡನ್‌ಕ್ವಿನ್‌ನಿಂದ ಸೊಸೆಯಾಗಿ ದ್ವೀಪಕ್ಕೆ ಬಂದ ಪೆಗ್ ಸೇಯರ್ಸ್ ನೂರಾರು ಕಥೆಗಳನ್ನು ಬಲ್ಲವರು. ಶಾಲೆಯಲ್ಲಿ ಇಂಗ್ಲಿಷ್ ಬರೆಯಲು ಕಲಿತಿದ್ದ ಅವರಿಗೆ ಐರಿಷ್ ಬರೆಯಲು ಬಾರದು. 1936ರಲ್ಲಿ ಪ್ರಕಟವಾದ ಅವರ ಜೀವನಕಥೆಯನ್ನು ಅವರು ಹೇಳಿದಂತೆ ಮಗನು ಬರೆದುಕೊಂಡನು.

ಅವರಲ್ಲಿ ಭಾಷೆಗೆ ಕೊರತೆಯಿರಲಿಲ್ಲ. ಒಲೆಯ ಬಳಿಯ ಮಾತು ಶಾಲೆಯ ಹಲಗೆಯನ್ನು ತಲುಪಿರಲಿಲ್ಲ, ಅಷ್ಟೆ.

ಮಕ್ಕಳೇ ಸಂಗ್ರಾಹಕರು

1922ರ ಬಳಿಕ ಐರಿಷ್ ಭಾಷೆಗೆ ದೇಶದ ಶಾಲೆಗಳಲ್ಲಿ ಸ್ಥಾನ ದೊರೆಯಿತು. ಮನೆ ಮತ್ತು ಶಾಲೆಗಳನ್ನು ಜೋಡಿಸಿದ ದೊಡ್ಡ ಕಾರ್ಯ 1937ರಿಂದ 1939ರವರೆಗೆ ನಡೆಯಿತು. ಐರಿಷ್ ಜಾನಪದ ಆಯೋಗವು ಶಿಕ್ಷಣ ಇಲಾಖೆ ಮತ್ತು ಶಿಕ್ಷಕರ ಸಂಘದ ನೆರವಿನಿಂದ ಸುಮಾರು 5,000 ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಯ ಮಕ್ಕಳಿಗೆ ಒಂದು ಕೆಲಸವನ್ನು ವಹಿಸಿತು. ವಾರದ ಪ್ರಬಂಧಕ್ಕೆ ಬದಲಾಗಿ, ಮನೆಯ ಮತ್ತು ನೆರೆಯ ಹಿರಿಯರನ್ನು ಕೇಳಿ ಬರೆದು ತರಬೇಕು. ಮನೆಮದ್ದು, ಗಾದೆ, ಆಟ, ಕಸುಬು, ಮಳೆಗಾಳಿಯ ಲಕ್ಷಣ, ಸ್ಥಳನಾಮ ಮೊದಲಾದವು ವಿಷಯಗಳಾಗಿದ್ದವು. ಶಿಕ್ಷಕರಿಗೆ ಮಾರ್ಗದರ್ಶಿ ಪುಸ್ತಿಕೆಯೊಂದನ್ನು ಒದಗಿಸಲಾಗಿತ್ತು. ಹೀಗೆ ಸುಮಾರು 7,40,000 ಪುಟಗಳು ಕೂಡಿಬಂದವು. ಅವು ಇಂದು ಡಬ್ಲಿನ್‌ನ ವಿಶ್ವವಿದ್ಯಾಲಯದಲ್ಲಿ ಸುರಕ್ಷಿತವಾಗಿವೆ.

ಶಾಲೆಯ ಮಿತಿ

ಶಾಲೆಯೊಂದೇ ಊರನ್ನು ಉಳಿಸಲಾರದೆಂಬುದನ್ನೂ ಈ ದ್ವೀಪ ತೋರಿಸುತ್ತದೆ. ಯುವಕರು ಅಮೆರಿಕಕ್ಕೆ ವಲಸೆ ಹೋದರು, ಮಕ್ಕಳ ಸಂಖ್ಯೆ ಕುಗ್ಗಿತು, 1941ರಲ್ಲಿ ಶಾಲೆ ಮುಚ್ಚಿತು. 1953ರ ನವೆಂಬರ್‌ನಲ್ಲಿ, ಅಳಿದುಳಿದ ಕೆಲವೇ ಜನರನ್ನು ಸರಕಾರವು ದಡಕ್ಕೆ ಸ್ಥಳಾಂತರಿಸಿತು. ಊರು ಬರಿದಾಯಿತು, ಬರೆದಿಟ್ಟದ್ದು ಮಾತ್ರ ಉಳಿಯಿತು.

ನಮ್ಮ ತರಗತಿಯಲ್ಲಿ

ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಶಾಲೆಯಲ್ಲಿ ಪಾಠಮಾಡುವವರಿಗೆ ಇದು ದೂರದ ಕಥೆಯಲ್ಲ. ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಳ್ಳುವ ಶಾಲೆಯಲ್ಲಿಯೂ ಈ ಚಟುವಟಿಕೆ ಸುಲಭ:

1. ವಾರಕ್ಕೊಂದು ವಿಷಯವನ್ನು ಕೊಡಿರಿ. ಕಾಸರಗೋಡಿನಲ್ಲಿ ಅಡಿಕೆ ತೋಟದ ಕೆಲಸದ ಮಾತುಗಳು, ಜತ್ತ ಮತ್ತು ಅಕ್ಕಲಕೋಟೆಗಳಲ್ಲಿ ಜೋಳದ ರಾಶಿಯ ಮಾತುಗಳು, ತಾಳವಾಡಿಯಲ್ಲಿ ಹೊಲ, ಹಳ್ಳ, ಬೆಟ್ಟಗಳ ಹೆಸರುಗಳು.

2. ಕಿರಿಯರು ಕೇಳಿ ಬಂದು ಹೇಳಲಿ, ಚಿತ್ರ ಬರೆಯಲಿ. ಹಿರಿಯರು ಅದನ್ನು ಬರೆಯಲಿ.

3. ಹೇಳಿದವರ ಹೆಸರು, ವಯಸ್ಸು, ಊರುಗಳನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿರಿ.

4. ಅಜ್ಜಿ ಆಡಿದ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿರಿ. ಆಡಿದಂತೆಯೇ ಬರೆಸಿ, ಪಕ್ಕದಲ್ಲಿ ಗ್ರಂಥಭಾಷೆಯ ರೂಪವನ್ನು ಸೂಚಿಸಿರಿ. ನೆರೆಯ ಭಾಷೆಯ ಪದ ಬೆರೆತಿದ್ದರೆ ಅದೂ ಇರಲಿ.

5. ವರ್ಷಾಂತ್ಯದಲ್ಲಿ ಪುಟಗಳನ್ನು ಹೊಲಿದು ಪುಸ್ತಕವಾಗಿಸಿ, ಹೇಳಿದ ಹಿರಿಯರನ್ನೇ ಶಾಲೆಗೆ ಕರೆದು ಅವರೆದುರು ಓದಿಸಿರಿ.

ತನ್ನ ಮನೆಯ ಮಾತು ಶಾಲೆಯಲ್ಲಿ ಗೌರವದಿಂದ ಓದಲ್ಪಡುವುದನ್ನು ಕಂಡ ಮಗು ಆ ಮಾತನ್ನು ಕೀಳೆಂದು ಭಾವಿಸದು. ಓ'ಕ್ರೋಹನ್ ನಡುವಯಸ್ಸಿನವರೆಗೆ ಕಾಯಬೇಕಾಯಿತು. ನಮ್ಮ ಮಕ್ಕಳು ಕಾಯಬೇಕಾಗಿಲ್ಲ.