ಕಾಯಿಸಿದ ಹಾಲಿನಲ್ಲೂ ಉಳಿಯುವ ವಿಷ

ಹಾಲು ಕೆಟ್ಟಿರಬಹುದೆಂಬ ಅನುಮಾನ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಅದನ್ನು ಕಾಯಿಸಿ ನೋಡುವುದು. ಉಕ್ಕಿ ಬಂದರೆ ಕಾಫಿಗೆ, ಒಡೆದರೆ ಚರಂಡಿಗೆ. ಈ ಪರೀಕ್ಷೆಯ ಮೇಲಿನ ನಂಬಿಕೆ ಬಹುಮಟ್ಟಿಗೆ ಸರಿಯಾದುದೇ. ಆದರೆ ಅದಕ್ಕೊಂದು ಮಿತಿಯಿದೆ ಎಂಬುದನ್ನು 2000ನೇ ಇಸವಿಯಲ್ಲಿ ಜಪಾನ್ ದೊಡ್ಡ ಬೆಲೆ ತೆತ್ತು ಅರಿತುಕೊಂಡಿತು.

ಆ ವರ್ಷದ ಜೂನ್ ಅಂತ್ಯದಲ್ಲಿ ಒಸಾಕಾ ಸುತ್ತಮುತ್ತ ಕಡಿಮೆ ಕೊಬ್ಬಿನ ಹಾಲು ಕುಡಿದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಆರಂಭವಾಯಿತು. ಅಸ್ವಸ್ಥರಾದವರ ಸಂಖ್ಯೆ 13 ಸಾವಿರ ದಾಟಿತು. ಹಾಲು ಅಲ್ಲಿನ ಹೆಸರಾಂತ ಸ್ನೋ ಬ್ರ್ಯಾಂಡ್ ಕಂಪೆನಿಯದು. ಆರಂಭದಲ್ಲಿ ಒಸಾಕಾ ಘಟಕದ ಶುಚಿತ್ವದ ಮೇಲೆ ಸಂಶಯ ಮೂಡಿತಾದರೂ, ತನಿಖೆ ಕೊನೆಗೆ ತಲುಪಿದ್ದು ದೂರದ ಹೊಕ್ಕೈಡೊ ದ್ವೀಪದ ತೈಕಿ ಎಂಬಲ್ಲಿನ ಹಾಲಿನ ಪುಡಿ ಕಾರ್ಖಾನೆಯನ್ನು.

ಮಾರ್ಚ್ 31ರಂದು ಅಲ್ಲಿ ಸುಮಾರು ಮೂರು ಗಂಟೆ ವಿದ್ಯುತ್ ಕೈಕೊಟ್ಟಿತ್ತು. ತಣ್ಣಗಿರಬೇಕಿದ್ದ ಹಾಲು ಗಂಟೆಗಟ್ಟಲೆ ಬೆಚ್ಚಗೆ ಉಳಿಯಿತು. ಏಪ್ರಿಲ್ 1ರಂದು ತಯಾರಾದ ಪುಡಿಯಲ್ಲಿ ಬ್ಯಾಕ್ಟೀರಿಯಾ ಪ್ರಮಾಣ ಮಿತಿ ಮೀರಿತ್ತು. ಆದರೂ ಅದನ್ನು ಎಸೆಯದೆ, ನೀರಿನಲ್ಲಿ ಕರಗಿಸಿ ಏಪ್ರಿಲ್ 10ರ ತಯಾರಿಕೆಗೆ ಸೇರಿಸಲಾಯಿತು. ಮತ್ತೆ ಬಿಸಿ ಮಾಡಿದರೆ ರೋಗಾಣು ಸಾಯುತ್ತದೆ ಎಂಬುದು ಕಾರ್ಖಾನೆಯವರ ಲೆಕ್ಕಾಚಾರ. ನಮ್ಮ ಅಡುಗೆಮನೆಯ ಲೆಕ್ಕಾಚಾರವೂ ಇದೇ ಅಲ್ಲವೇ?

ರೋಗಾಣು ಸತ್ತದ್ದೇನೋ ನಿಜ. ಆದರೆ ಸಾಯುವ ಮುನ್ನ ಅದು ವಿಷವನ್ನು ಉತ್ಪಾದಿಸಿ ಬಿಟ್ಟಿತ್ತು. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಈ ಬ್ಯಾಕ್ಟೀರಿಯಾ ಮನುಷ್ಯರ ಮೂಗು, ಚರ್ಮ, ಗಾಯಗಳಲ್ಲಿಯೂ ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲಿಯೂ ಇರುತ್ತದೆ. ಬೆಚ್ಚನೆಯ ಹಾಲಿನಲ್ಲಿ ಅದು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು. ಅದರ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಸೆಕೆಂಡುಗಳ ಸಂಸ್ಕರಣೆಯನ್ನು ದಾಟಿಯೂ ಜಪಾನಿನಲ್ಲಿ ಅದು ಉಳಿದಿತ್ತು.

ಹಾಗೆಂದು ಕಾಯಿಸುವುದನ್ನು ಬಿಡುವಂತಿಲ್ಲ. ಬ್ರುಸೆಲ್ಲಾ, ಸಾಲ್ಮೊನೆಲ್ಲಾ, ಕ್ಷಯದ ರೋಗಾಣುಗಳನ್ನು ಕೊಲ್ಲುವುದು ಆ ಬಿಸಿಯೇ. ನೊರೆಹಾಲು ಆರೋಗ್ಯಕ್ಕೆ ಒಳ್ಳೆಯದೆಂದು ಹಸಿಯಾಗಿ ಕುಡಿಯುವವರು, ಬಿಟ್ಟು ಬಿಟ್ಟು ಬರುವ ಬ್ರುಸೆಲ್ಲಾ ಜ್ವರವನ್ನೂ ಕೀಲುನೋವನ್ನೂ ಆಹ್ವಾನಿಸುತ್ತಾರೆ. ಡೈರಿಗಳಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಪಾಶ್ಚರೀಕರಿಸುವುದೂ ಇದಕ್ಕಾಗಿಯೇ.

ಆದರೆ ಕಾಯಿಸುವ ಮೊದಲು ಹಾಲು ಎಷ್ಟು ಹೊತ್ತು, ಎಷ್ಟು ಬೆಚ್ಚಗೆ ಇತ್ತು ಎಂಬುದು ಅಷ್ಟೇ ಮುಖ್ಯ. ಕರೆದ ಹಾಲನ್ನು ಬೇಗ 4 ಡಿಗ್ರಿಯ ಆಸುಪಾಸಿಗೆ ಇಳಿಸಲೆಂದೇ ಹಳ್ಳಿಗಳಲ್ಲಿ ಶೀತಲೀಕರಣ ಘಟಕಗಳಿವೆ. ನಗರದಲ್ಲಿ ಮುಂಜಾನೆ ಗೇಟಿಗೆ ತೂಗುಹಾಕಿದ ಚೀಲದಲ್ಲಿ ಬಿದ್ದ ಪ್ಯಾಕೆಟ್ ಬೇಸಿಗೆಯಲ್ಲಿ ಒಂಬತ್ತರವರೆಗೂ ಅಲ್ಲೇ ಇದ್ದರೆ ಆ ಶ್ರಮವೆಲ್ಲ ವ್ಯರ್ಥ. ಕಾಯಿಸಿಟ್ಟ ಹಾಲನ್ನೂ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬೀಜಕಗಳು ಕುದಿಯನ್ನೂ ತಾಳಿಕೊಂಡು, ಹಾಲು ಆರಿದ ಮೇಲೆ ಮೊಳೆಯುತ್ತವೆ.

ಖೋವಾ, ಪನೀರುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬಿಸಿ ಮಾಡಿದ ನಂತರ ಅವು ಹಲವರ ಕೈ ದಾಟುತ್ತವೆ, ತೇವಾಂಶವೂ ಇರುತ್ತದೆ. ಮೊಸರಿನ ಹುಳಿ ಅನೇಕ ರೋಗಾಣುಗಳನ್ನು ತಡೆಯುತ್ತದೆ, ನಿಜ. ಹಾಲಿನಲ್ಲಿ ಮೊದಲೇ ಸೇರಿದ ವಿಷವನ್ನು ಮಾತ್ರ ತೆಗೆಯಲಾರದು.

ಈ ವಿಷ ಹೊಟ್ಟೆ ಸೇರಿದರೆ ಸಾಮಾನ್ಯವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಹೆಚ್ಚಿನವರು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಆ್ಯಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ, ಏಕೆಂದರೆ ಕೊಲ್ಲಲು ಅಲ್ಲಿ ಜೀವಂತ ರೋಗಾಣು ಇರಲೇಬೇಕೆಂದಿಲ್ಲ. ದೇಹದ ನೀರಿನಂಶ ಕುಸಿಯದಂತೆ ಓಆರ್‌ಎಸ್ ದ್ರಾವಣ ಕುಡಿಸಬೇಕು. ಮಕ್ಕಳು ಮತ್ತು ವೃದ್ಧರನ್ನು ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕು.