ಬಾಡಿಗೆ ಎಷ್ಟು? ಊಹಿಸಿ!

ಒಂದು ಮನೆ. ನಿಮ್ಮೊಬ್ಬರಿಗೇ! ತಲೆಯ ಮೇಲೆ ಗಟ್ಟಿ ಸೂರು. ಚಳಿಗೆ ಬೆಂಕಿಗೂಡು. ವಾರವಾರ ಕೈಗೆ ಕಾಸು. ಅದೂ ಸಾಯುವವರೆಗೆ!

ಬಾಡಿಗೆ ಎಷ್ಟಿದ್ದೀತು? ಊಹಿಸುತ್ತಿರಿ. ನಾನಂತೂ ಈಗಲೇ ಬಾಯಿ ಬಿಡುವುದಿಲ್ಲ.

ಮೊದಲು ಇಂಗ್ಲೆಂಡಿನ ಯೂಎಲ್ಮ್‌ಗೆ ಬನ್ನಿ. ಆಕ್ಸ್‌ಫರ್ಡ್‌ಶೈರ್‌ನ ಪುಟ್ಟ ಹಳ್ಳಿ. ಇಳಿಜಾರಿನಲ್ಲಿ ಮೇಲೆ ಚರ್ಚು, ನಡುವೆ ಬಡವರ ಧರ್ಮಶಾಲೆ, ಕೆಳಗೆ ಶಾಲೆ. ಚರ್ಚಿನ ಪಡುವಣ ಬಾಗಿಲು ದಾಟಿ ಮೆಟ್ಟಿಲಿಳಿಯಿರಿ. ಆ ಮೆಟ್ಟಿಲಿಗೂ ಮಾಡು ಹೊದಿಸಿದ್ದಾರೆ! ಇಳಿದದ್ದೇ ತಡ, ಎದುರಿಗೆ... ಅರೆ, ತೊಟ್ಟಿಮನೆ!

ನಡುವೆ ಬಯಲು ಅಂಗಳ. ಸುತ್ತ ಜಗಲಿ. ಜಗಲಿಯುದ್ದಕ್ಕೂ ಪುಟ್ಟ ಪುಟ್ಟ ಬಾಗಿಲು. ಮರದ ಚೌಕಟ್ಟು, ಅದರ ಸಂದಿಗೆಲ್ಲ ಕೆಂಪು ಇಟ್ಟಿಗೆ. ಆ ಸೀಮೆಗೆ ಇಟ್ಟಿಗೆಯೇ ಆಗ ಹೊಸ ಷೋಕಿ! ಅದನ್ನು ಬಡವರ ಮನೆಗೆ ಬಳಸಿದ್ದಾರೆ!

ಕಟ್ಟಿಸಿದವರು? ಆಲಿಸ್ ಚಾಸರ್ ಮತ್ತು ಆಕೆಯ ಮೂರನೆಯ ಗಂಡ, ಸಫಕ್‌ನ ವಿಲಿಯಂ ಡಿ ಲಾ ಪೋಲ್. ಹೌದು, ಅದೇ ಚಾಸರ್! ಇಂಗ್ಲಿಷ್ ಕವಿ ಚಾಸರ್‌ನ ಸ್ವಂತ ಮೊಮ್ಮಗಳು! ದೊರೆ 6ನೆಯ ಹೆನ್ರಿಯ ಅಪ್ಪಣೆ ಸಿಕ್ಕಿದ್ದು 1437ರಲ್ಲಿ. ಇಟ್ಟ ಹೆಸರು 'ದೇವರ ಮನೆ'. ಈ ದೇವರ ಮನೆಯಲ್ಲಿ ಇದ್ದವರು ಮಾತ್ರ 13 ಬಡವರು, ನೋಡಿಕೊಳ್ಳಲು ಇಬ್ಬರು ಪಾದ್ರಿಗಳು. ಒಬ್ಬ ಪಾದ್ರಿಗೆ ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ಕೆಲಸ. ಬಿಟ್ಟಿಯಾಗಿ!

ಈಗ ಬಾಡಿಗೆ. ಹೇಳಿಬಿಡಲೇ?

ಪ್ರಾರ್ಥನೆ! ಅಷ್ಟೇ! ದಿನಕ್ಕೆ ಹಲವು ಸಲ, ದೊರೆಗಾಗಿ, ಆಲಿಸ್‌ಗಾಗಿ, ವಿಲಿಯಂಗಾಗಿ. ವಿಲಿಯಂಗಂತೂ ಅದು ಬೇಕಿತ್ತು: 1450ರಲ್ಲಿ ನಡುಗಡಲಿನಲ್ಲಿ ಹಿಡಿದು ಅವನ ತಲೆ ಕಡಿದರು.

ಈ ಧರ್ಮಶಾಲೆಯ ಯಜಮಾನಿಕೆ ಮುಂದೆ ಯಾರ ಪಾಲಿಗೆ ಬಂತು? ಬಿಷಪ್? ಜಮೀನ್ದಾರ? ತಪ್ಪು! ಡಾಕ್ಟರು! 1ನೆಯ ಜೇಮ್ಸ್ ದೊರೆ ಅದನ್ನು ಆಕ್ಸ್‌ಫರ್ಡ್‌ನ ವೈದ್ಯಕೀಯ ಪ್ರಾಧ್ಯಾಪಕರ ಹುದ್ದೆಗೇ ಗಂಟುಹಾಕಿದ. ಹಾಗಾಗಿ ವೈದ್ಯಲೋಕದ ದಿಗ್ಗಜ ವಿಲಿಯಂ ಆಸ್ಲರ್ ಕೂಡ 1905ರಿಂದ ಇಲ್ಲಿಯ ಯಜಮಾನ!

ಇದೆಲ್ಲ ಹಾಳುಬಿದ್ದ ಸ್ಮಾರಕ ಎಂದುಕೊಂಡಿರಾ? ಜಗಲಿಯ ಆ ಬಾಗಿಲುಗಳ ಹಿಂದೆ ಇವತ್ತಿಗೂ ಜನ ವಾಸವಿದ್ದಾರೆ! ಕೆಳಗಿನ ಶಾಲೆ ಇವತ್ತಿಗೂ ಶಾಲೆಯೇ. ಅದೂ ಸರ್ಕಾರಿ ಪ್ರಾಥಮಿಕ ಶಾಲೆ, ಅದೇ ಹಳೇ ಕಟ್ಟಡದಲ್ಲಿ!

ಹೊರಡಬೇಡಿ. ಮತ್ತೆ ಮೆಟ್ಟಿಲು ಹತ್ತಿ. 13 ಮಂದಿ ಪ್ರಾರ್ಥಿಸುತ್ತಿದ್ದ ಪೂಜಾಂಗಣದ ಮಗ್ಗುಲಲ್ಲೇ ಆಲಿಸ್‌ಳ ಸಮಾಧಿ. ತೀರಿಕೊಂಡದ್ದು 1475ರಲ್ಲಿ. ಹಾಲುಗಲ್ಲಿನ ಆಲಿಸ್ ಕೈಮುಗಿದು ಮಲಗಿದ್ದಾಳೆ, ಎಡತೋಳಿಗೆ ರಾಜಗೌರವದ ಗುರುತಾದ ಗಾರ್ಟರ್ ಪಟ್ಟಿ. ಎಂಥ ಗಾಂಭೀರ್ಯ!

ಈಗ ಬಗ್ಗಿ. ಕೆಳಗಿನ ಕಲ್ಲಿನ ಜಾಲಂಧ್ರದೊಳಗೆ ಇಣುಕಿ. ಅಯ್ಯೋ! ಇನ್ನೊಬ್ಬಳು! ಎಲುಬಿಗೆ ತೊಗಲಂಟಿದ ಹೆಣ. ಅವಳೂ ಆಲಿಸ್ಸೇ!

ಸಾಲದು. ನಾಚಿಕೆ ಬಿಟ್ಟು ನೆಲದ ಮೇಲೆ ಅಂಗಾತ ಮಲಗಿ, ಮೇಲೆ ನೋಡಿ. ಹೆಣದ ನೆತ್ತಿಯ ಮೇಲಿನ ಕಲ್ಲಿನಲ್ಲಿ ಬಣ್ಣದ ಚಿತ್ರ! ಮೇರಿಗೆ ಶುಭವಾರ್ತೆ ತಂದ ದೇವದೂತ, ಮಗ್ದಲದ ಮೇರಿ, ಸ್ನಾನಿಕ ಯೋಹಾನ! ನಿಂತವರಿಗೆ ಕಾಣುವುದೇ ಇಲ್ಲ. ಐದೂವರೆ ಶತಮಾನದಿಂದ ಅವನ್ನು ಎದುರಾಎದುರು ನೋಡುತ್ತ ಮಲಗಿರುವವಳು ಆ ಕಲ್ಲಿನ ಹೆಣ ಒಬ್ಬಳೇ!