ಬೂಟು ಉಂಟು, ಬಾಯಿಗೆ ಗಾರ್ಡ್ ಎಲ್ಲಿ?

ಕಾಲಿಗೆ ಸ್ಟಡ್ ಇರುವ ಬೂಟು, ಮೊಣಕಾಲಿಗೆ ಪಟ್ಟಿ, ಬೆನ್ನಿನ ಮೇಲೆ ಹೆಸರು ಬರೆಸಿದ ಜೆರ್ಸಿ. ಕಸ್ಬಾ ಬೆಂಗರೆಯಿಂದ ಉಳ್ಳಾಲದ ತನಕ ಸಂಜೆ ಹೊತ್ತು ಫುಟ್ಬಾಲ್ ಆಡುವ ನಮ್ಮ ಮಕ್ಕಳಿಗೆ ಇದೆಲ್ಲ ಉಂಟು. ಕಬಡ್ಡಿ ಅಂಕಣಕ್ಕೆ ಇಳಿಯುವವರಿಗೂ ಕರಾಟೆ ಕ್ಲಾಸಿಗೆ ಹೋಗುವ ಹೆಣ್ಣುಮಕ್ಕಳಿಗೂ ಡ್ರೆಸ್ಸಿಗೆ ಕೊರತೆ ಇಲ್ಲ. ಬಾಯಿಗೆ ಮಾತ್ರ ಏನೂ ಇಲ್ಲ. ಎದುರಾಳಿಯ ಮೊಣಕೈ ಮುಖಕ್ಕೆ ಬಡಿದರೆ ಹೆಚ್ಚಾಗಿ ಪೆಟ್ಟು ಬೀಳುವುದು ಮೇಲಿನ ಎದುರು ಹಲ್ಲಿಗೆ.

ಮದ್ರಸದಲ್ಲಿ ಓದಿಸುವ ನಮಗೆ ಆ ಹಲ್ಲಿನ ಬೆಲೆ ಸ್ವಲ್ಪ ಹೆಚ್ಚೇ ಗೊತ್ತು. ಥಾ, ಧಾಲ್, ಝಾ ಈ ಮೂರು ಅಕ್ಷರಗಳ ಮಖ್‌ರಜ್ ಇರುವುದು ನಾಲಗೆಯ ತುದಿ ಮೇಲಿನ ಎದುರು ಹಲ್ಲುಗಳ ಅಂಚಿಗೆ ತಾಗುವಲ್ಲಿ. ಫಾ ಹೇಳಬೇಕಾದರೆ ಕೆಳತುಟಿಯ ಒಳಭಾಗ ಅದೇ ಹಲ್ಲಿಗೆ ತಾಗಬೇಕು. ಹಾಲುಹಲ್ಲು ಬಿದ್ದ ಏಳು ವರ್ಷದ ಮಗು ತೊದಲಿದರೆ ಉಸ್ತಾದರು ಕಾಯುತ್ತಾರೆ, ಹೊಸ ಹಲ್ಲು ಬರ್ತದೆ. ಹನ್ನೆರಡು ವರ್ಷದ ಹುಡುಗನ ಹಲ್ಲು ಹೋದರೆ ಮತ್ತೆ ಬರ್ಲಿಕ್ಕಿಲ್ಲ. ದವಡೆ ಬೆಳೆದು ಮುಗಿಯುವ ತನಕ ಸಾಮಾನ್ಯವಾಗಿ ಇಂಪ್ಲಾಂಟ್ ಕೂಡ ಕೂರಿಸುವುದಿಲ್ಲ. ಅಷ್ಟು ವರ್ಷ ಕಟ್ಟಿಸಿದ ಹಲ್ಲಿನಲ್ಲೇ ದಿನ ಕಳೆಯಬೇಕು.

ಇದಕ್ಕೆ ಇರುವ ವಸ್ತುವಿನ ಹೆಸರು ಮೌತ್‌ಗಾರ್ಡ್. ಅಂಗಡಿಯಲ್ಲಿ ರೆಡಿ ಸಿಗುವುದು ಒಂದು ಬಗೆ, ಅದು ಬಾಯಲ್ಲಿ ನಿಲ್ಲುವುದಿಲ್ಲ, ಬೇಡ. ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ಮಾಡಿಕೊಡುವುದು ಎಲ್ಲದಕ್ಕಿಂತ ಒಳ್ಳೆಯದು. ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ವಿಚಾರಿಸಬಹುದು. ನಡುವಿನದ್ದು ಬಿಸಿನೀರಲ್ಲಿ ಮೆದು ಮಾಡಿ ಹಲ್ಲಿಗೆ ಕೂರಿಸುವಂಥದ್ದು. ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗ್ತದೆ. ಬಿಸಿಯಾದರೆ ಮೆದು, ತಣಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಅದು. ಉಪಾಯ ಹಳೆಯದೇ. 1890ರಲ್ಲಿ ಲಂಡನಿನ ದಂತವೈದ್ಯ ವೂಲ್ಫ್ ಕ್ರೌಸ್ ಬಾಕ್ಸರುಗಳ ಹಲ್ಲಿಗೆ ಗಟ್ಟಾಪರ್ಚ ಎಂಬ ಮರದ ಅಂಟಿನ ಪಟ್ಟಿ ಇಟ್ಟರು. ಅದೂ ಬಿಸಿಗೆ ಮೆದುವಾಗುವ ವಸ್ತು.

ತಂದ ಗಾರ್ಡನ್ನು ಹುಡುಗರು ಎರಡು ದಿನದಲ್ಲಿ ಬ್ಯಾಗಿನ ಮೂಲೆಗೆ ಹಾಕುವುದುಂಟು. 'ಮಾತಾಡ್ಲಿಕ್ಕಾಗುದಿಲ್ಲ ಉಸ್ತಾದ್, ವಾಕರಿಕೆ ಬರ್ತದೆ' ಅಂತಾರೆ. ಹೆಚ್ಚಿನ ಸಲ ತಪ್ಪು ಗಾರ್ಡಿನದ್ದಲ್ಲ, ಕೂರಿಸಿದ ಕ್ರಮದ್ದು. ಇದು ಅಡುಗೆಮನೆಯ ಕೆಲಸ. ಉಮ್ಮ ಪಕ್ಕದಲ್ಲಿದ್ದರೆ ಚಂದ, ಮಗುವನ್ನು ಒಂಟಿಯಾಗಿ ಕುದಿಯುವ ನೀರಿನ ಹತ್ತಿರ ಬಿಡಬಾರದು.

ಮೊದಲು ತಣ್ಣಗಿನ ಗಾರ್ಡನ್ನೇ ಮೇಲಿನ ಹಲ್ಲಿಗೆ ಹಾಕಿ ಕನ್ನಡಿ ನೋಡಿಸಿ. ಹಿಂದೆ ತೀರಾ ಉದ್ದವಾಗಿ ವಾಕರಿಕೆ ಬಂದರೆ ತುದಿಯನ್ನು ಕತ್ತರಿಯಲ್ಲಿ ಸ್ವಲ್ಪ ಕತ್ತರಿಸಬೇಕು, ಕೊನೆಯ ದವಡೆಹಲ್ಲು ಪೂರ್ತಿ ಹೊರಗೆ ಉಳಿಯುವಷ್ಟು ಅಲ್ಲ. ನೀರು ಕುದಿಸಿ ಒಲೆಯಿಂದ ಇಳಿಸಿ. ಗಾರ್ಡ್ ಎಷ್ಟು ಸೆಕೆಂಡು ಮುಳುಗಬೇಕೆಂದು ಪ್ಯಾಕೆಟಿನಲ್ಲಿ ಬರೆದಿರ್ತದೆ, ಕಂಪೆನಿಯಿಂದ ಕಂಪೆನಿಗೆ ಬೇರೆ. ಗಡಿಯಾರ ನೋಡಿಯೇ ಮಾಡಿ, ಅಂದಾಜು ಬೇಡ. ಹೆಚ್ಚಾದರೆ ಆಕಾರ ಕೆಟ್ಟು ಮುದ್ದೆಯಾಗ್ತದೆ, ಕಡಿಮೆಯಾದರೆ ಹಲ್ಲಿನ ಗುರುತು ಬೀಳುವುದಿಲ್ಲ. ಚಮಚದಲ್ಲಿ ಎತ್ತಿ, ನೀರು ಕೊಡವಿ, ಪ್ಯಾಕೆಟಿನಲ್ಲಿ ಹೇಳಿದ್ದರೆ ಒಂದೆರಡು ಸೆಕೆಂಡು ತಣ್ಣೀರಿಗೆ ತಾಗಿಸಿ. ಬಾಯಿ ಸುಡುವಷ್ಟು ಬಿಸಿ ಇಲ್ಲವೆಂದು ನಿಮ್ಮ ಬೆರಳಲ್ಲಿ ನೋಡಿದ ಮೇಲೆಯೇ ಮಗುವಿಗೆ ಕೊಡಿ.

ಎದುರು ಹಲ್ಲಿನ ನಡುಗೆರೆಗೆ ಗಾರ್ಡಿನ ನಡು ಸರಿಯಾಗಿ ಬರಬೇಕು. ಇನ್ನು ಕಚ್ಚುವುದು. ಇಲ್ಲಿಯೇ ಕೆಲಸ ಕೆಡುವುದು. ಬಲವಾಗಿ ಕಚ್ಚಿದರೆ ಹಲ್ಲು ಪ್ಲಾಸ್ಟಿಕನ್ನು ತೂರಿ ಕೆಳಗೆ ಬರ್ತದೆ, ಪೆಟ್ಟು ತಡೆಯಬೇಕಾದ ಜಾಗದಲ್ಲಿ ಕಾಗದದಷ್ಟು ತೆಳು ಪದರ ಉಳಿಯುತ್ತದೆ. ಮೆಲ್ಲಗೆ ಕಚ್ಚಿ, ಒಳಗಿನ ಗಾಳಿ ನೀರು ಹೀರಿಕೊಂಡು, ನಾಲಗೆಯನ್ನು ಅಂಗುಳಿಗೆ ಒತ್ತಬೇಕು. ಹೊರಗಿನಿಂದ ತುಟಿ ಕೆನ್ನೆಯ ಮೇಲೆ ಬೆರಳಿನಿಂದ ಒತ್ತಿ ಕೊಡಿ. ಪ್ಯಾಕೆಟಿನಲ್ಲಿ ಹೇಳಿದಷ್ಟು ಹೊತ್ತು ಹಾಗೆಯೇ ಇದ್ದು, ಬಳಿಕ ತೆಗೆದು ತಣ್ಣೀರಿಗೆ ಹಾಕಿ.

ಪರೀಕ್ಷೆ ಸುಲಭ. ಬಾಯಿ ತೆರೆದಾಗ ಕಚ್ಚದೆಯೇ ಗಾರ್ಡ್ ಮೇಲೆ ನಿಲ್ಲಬೇಕು, ಮಾತು ಅರ್ಥವಾಗಬೇಕು, ಉಸಿರು ಆರಾಮಾಗಿ ಆಡಬೇಕು. ಬಿದ್ದರೆ ಮತ್ತೊಮ್ಮೆ ಬಿಸಿ ಮಾಡಬಹುದು. ನಾಲ್ಕೈದು ಸಲ ಮಾಡಿದರೆ ತೆಳುವಾಗ್ತದೆ, ಮತ್ತೆ ಹೊಸದು ತರುವುದೇ ಒಳ್ಳೆಯದು. ಹಲ್ಲಿಗೆ ತಂತಿ ಹಾಕಿಸಿದ ಮಕ್ಕಳಿಗೆ ಮನೆಯಲ್ಲಿ ಈ ಪ್ರಯೋಗ ಬೇಡ, ಪ್ಲಾಸ್ಟಿಕ್ ತಂತಿಗೆ ಸಿಕ್ಕಿಕೊಳ್ಳುತ್ತದೆ. ಅವರು ದಂತವೈದ್ಯರನ್ನೇ ಕೇಳಬೇಕು.

ವುಝೂ, ನೋಂಬಿನ ವಿಷಯವನ್ನೂ ಹುಡುಗರು ಕೇಳ್ತಾರೆ. ಬಾಯಿ ಮುಕ್ಕಳಿಸುವುದು ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಸುನ್ನತ್, ಆದ್ದರಿಂದ ಗಾರ್ಡ್ ಇದ್ದರೂ ವುಝೂ ಆಗ್ತದೆ. ಆದರೂ ತೆಗೆದು ಮುಕ್ಕಳಿಸಿ, ಸುನ್ನತ್ ಯಾಕೆ ಬಿಡಬೇಕು? ನಮಾಝಿಗಂತೂ ತೆಗೆಯಲೇಬೇಕು, ಫಾತಿಹಾದಲ್ಲಿಯೇ ಧಾಲ್ ಬರ್ತದೆ. ರಂಝಾನ್ ಹಗಲು ಆಡುವವರು ಒಂದು ನೆನಪಿಡಿ: ಗಾರ್ಡ್ ಬಾಯಲ್ಲಿದ್ದರೆ ನೋಂಬು ಮುರಿಯುವುದಿಲ್ಲ. ಆದರೆ ಅದನ್ನು ಹೊರಗೆ ತೆಗೆದು, ಅದಕ್ಕೆ ಅಂಟಿದ ಉಗುಳಿನ ಸಮೇತ ಮತ್ತೆ ಹಾಕಿ ಆ ಉಗುಳನ್ನು ನುಂಗಿದರೆ ಮುರಿಯುತ್ತದೆ. ಒರೆಸಿ ಒಣಗಿಸಿ ಹಾಕಿ. ತರಾವೀಹ್ ಕಳೆದು ಲೈಟಿನಲ್ಲಿ ಆಡುವವರಿಗೆ ಈ ತೊಂದರೆ ಇಲ್ಲ.

ಗಾರ್ಡ್ ಇಲ್ಲದೆ ಆಡಿ ಹಲ್ಲು ಬುಡಸಮೇತ ಬಿದ್ದರೆ ಬೇರಿನ ಭಾಗ ಮುಟ್ಟದೆ ಬಿಳಿ ತಲೆಯನ್ನು ಹಿಡಿದು ಎತ್ತಿ. ಮಣ್ಣಾಗಿದ್ದರೆ ಬರೀ ನೀರಲ್ಲಿ ಸ್ವಲ್ಪ ತೊಳೆಯಬಹುದು, ಉಜ್ಜಬಾರದು. ಅದೇ ಗುಳಿಗೆ ಕೂರಿಸಿ, ಆಗದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಿ. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು.

ಆಟ ಮುಗಿದ ಮೇಲೆ ಗಾರ್ಡನ್ನು ತಣ್ಣೀರಲ್ಲಿ ಮೆದು ಬ್ರಶ್ಶಿನಿಂದ ತೊಳೆದು, ತೂತು ಇರುವ ಡಬ್ಬಿಯಲ್ಲಿಡಿ. ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟರೆ ಆಕಾರ ಹೋಗ್ತದೆ. ಹನ್ನೆರಡು, ಹದಿಮೂರು ವರ್ಷದ ತನಕ ಹಲ್ಲು ಬದಲಾಗುತ್ತಲೇ ಇರ್ತದೆ, ಬಿಗಿಯಾದ ಕೂಡಲೇ ಹೊಸದು ತರಬೇಕು. ಅಣ್ಣನ ಜೆರ್ಸಿ ತಮ್ಮನಿಗೆ ಆದೀತು, ಅಣ್ಣನ ಗಾರ್ಡ್ ಆಗ್ಲಿಕ್ಕಿಲ್ಲ.